ಸೈಟಿನೊಳಗೆ ಹಾದುಹೋದ ಹಳೇ ಪೈಪ್‌ಲೈನ್ ಹಕ್ಕನ್ನು ಪಾಲಿಕೆಯಿಂದ ಬಿಡಿಸಿಕೊಳ್ಳುವುದು ಹೇಗೆ

30×40 ಸೈಟಿನ ಉದ್ದಕ್ಕೂ 10 ಅಡಿ ಅಗಲದ ಪೈಪ್‌ಲೈನ್ ಪಟ್ಟಿ ಹಾದುಹೋಗಿದ್ದರೆ 1,200 ಚದರಡಿಯಲ್ಲಿ 400 ಚದರಡಿ ಕೈಗೆ ಸಿಗುವುದಿಲ್ಲ. ಉಳಿದ 20 ಅಡಿ ಅಗಲದಲ್ಲೇ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟು ಮನೆ ಕಟ್ಟಬೇಕು. ಪೈಪಿನಲ್ಲಿ ನೀರು ಹರಿಯುತ್ತಿದ್ದರೆ ಊರಿಗೆ ಬೇಕಾದದ್ದು ಎಂದು ಒಪ್ಪಿಕೊಳ್ಳಬಹುದು. ಪೈಪು ಒಣಗಿ ಎಷ್ಟೋ ವರ್ಷವಾಗಿದ್ದರೂ ಹಕ್ಕು ಮಾತ್ರ ಕಾಗದದಲ್ಲಿ ಹಾಗೇ ಉಳಿದಿದ್ದರೆ ಅದನ್ನು ಬಿಡಿಸಿಕೊಳ್ಳಲು ದಾರಿ ಇದೆ. ತುಮಕೂರಿನಲ್ಲಿ ಇಂಥ ಪ್ರಶ್ನೆ ಏಳುವುದಕ್ಕೆ ಕಾರಣವೂ ಇದೆ. ಒಂದು ಕಾಲಕ್ಕೆ ಮೈದಾಳ ಕೆರೆಯ ನೀರು ಕುಡಿದ ಊರಿದು, ಈಗ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರನ್ನು ನಂಬಿದೆ. ನೀರಿನ ಮೂಲ ಬದಲಾದಂತೆ ಕೊಳವೆಯ ದಾರಿಯೂ ಬದಲಾಗುತ್ತದೆ. ಯರಗೋಳ್ ಅಣೆಕಟ್ಟೆಯ ನೀರು 2023ರಲ್ಲಿ ಬಂದ ಕೋಲಾರದಲ್ಲೂ ಬೋರ್‌ವೆಲ್ ಕಾಲದ ಹಳೇ ಲೈನುಗಳ ಬಗ್ಗೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಇಲ್ಲಿರುವ ಕ್ರಮ ತುಮಕೂರು ಮಹಾನಗರ ಪಾಲಿಕೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಪಾಲಿಕೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಡಿ ನಡೆಯುತ್ತದೆ. ನಗರಸಭೆ ಇರುವ ಊರಲ್ಲಿ 1964ರ ಮುನಿಸಿಪಾಲಿಟಿ ಕಾಯ್ದೆ. ಕಲಂಗಳ ಸಂಖ್ಯೆ ಬೇರೆ, ಅಧಿಕಾರಿಗಳ ಪದನಾಮ ಬೇರೆ, ನಡೆಯಬೇಕಾದ ದಾರಿ ಬಹುಮಟ್ಟಿಗೆ ಒಂದೇ.

ಮೊದಲು ಒಂದು ತಪ್ಪು ನಂಬಿಕೆಯನ್ನು ಬಿಡಬೇಕು

"ಲೈನ್ ಸತ್ತು ಹೋಗಿದೆ, ಇನ್ನೇನು ಹಕ್ಕು?" ಎಂದು ಹಲವರು ಪಟ್ಟಿಯ ಮೇಲೇ ಪಾಯ ತೆಗೆಯುತ್ತಾರೆ. ಬೇರೆಯವರ ಜಮೀನಿನ ಮೇಲೆ ಸೀಮಿತ ಬಳಕೆಗೆ ಇರುವ ಹಕ್ಕಿಗೆ ಈಸ್‌ಮೆಂಟ್ ಎನ್ನುತ್ತಾರೆ. ಜಮೀನು ನಿಮ್ಮದೇ, ಅದರಲ್ಲಿ ಕೊಳವೆ ಹಾಕುವ, ನೋಡುವ, ರಿಪೇರಿ ಮಾಡುವ ಹಕ್ಕು ಪಾಲಿಕೆಯದು. 1882ರ ಈಸ್‌ಮೆಂಟ್ ಕಾಯ್ದೆಯ 38ನೇ ಕಲಂ, ಹಕ್ಕುದಾರ ತಾನಾಗಿ ಬಿಟ್ಟುಕೊಟ್ಟರೆ ಹಕ್ಕು ಕೊನೆಯಾಗುತ್ತದೆ ಎನ್ನುತ್ತದೆ. ಅದೇ ಕಲಮಿನ ವಿವರಣೆಯಲ್ಲಿ, ಸುಮ್ಮನೆ ಬಳಸದೆ ಬಿಟ್ಟದ್ದನ್ನು ಬಿಟ್ಟುಕೊಟ್ಟದ್ದು ಎಂದು ಎಣಿಸಬಾರದು ಎಂದೂ ಸ್ಪಷ್ಟವಾಗಿದೆ. 47ನೇ ಕಲಂ ಪ್ರಕಾರ ಬಳಕೆ ನಿಂತು ಹಕ್ಕು ಕಳೆಯಬೇಕಾದರೆ ಎಡೆಬಿಡದ 20 ವರ್ಷ ಬೇಕು. ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಯ ಮೇಲೆ. ಒಣಗಿದ ಪೈಪು ಬರೀ ಸಾಕ್ಷಿ, ಬಿಡುಗಡೆಯಲ್ಲ.

ಎರಡನೇ ತಪ್ಪು ಇನ್ನೂ ದುಬಾರಿ. ನೀರು ಸರಬರಾಜು ವಿಭಾಗದ ಎಂಜಿನಿಯರ್ ಒಬ್ಬರಿಂದ "ಸದರಿ ಕೊಳವೆ ಬಳಕೆಯಲ್ಲಿಲ್ಲ, ನಮ್ಮ ಆಕ್ಷೇಪಣೆ ಇಲ್ಲ" ಎಂಬ ಪತ್ರ ತಂದು ಕೆಲಸ ಮುಗಿಯಿತೆಂದುಕೊಳ್ಳುವುದು. 38ನೇ ಕಲಮಿನಲ್ಲಿ ಇನ್ನೊಂದು ಸಾಲಿದೆ: ಹಕ್ಕುದಾರನಿಗೆ ತನ್ನ ಆಸ್ತಿಯನ್ನು ಪರಭಾರೆ ಮಾಡಲು ಎಷ್ಟು ಅಧಿಕಾರವಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವನು ಹಕ್ಕು ಬಿಟ್ಟುಕೊಡಬಲ್ಲ. ಪಾಲಿಕೆಯ ಆಸ್ತಿ ಮತ್ತು ಅದರ ಮೇಲಿನ ಹಿತಾಸಕ್ತಿಯ ವಿಲೇವಾರಿಗೆ 1976ರ ಕಾಯ್ದೆಯ 176ನೇ ಕಲಂ ಇದೆ, ನಗರಸಭೆಗಳಿಗೆ 1964ರ ಕಾಯ್ದೆಯ 72ನೇ ಕಲಂ ಇದೆ. ಅವುಗಳ ಪ್ರಕಾರ ಮಂಜೂರಾತಿ ಕೊಡುವ ಅಧಿಕಾರ ಎಂಜಿನಿಯರಿಗಿಲ್ಲ. ಹಾಗಾಗಿ ಆ ಎನ್‌ಒಸಿ ನಿಮ್ಮ ಕಡತದ ಒಂದು ಹಾಳೆ ಅಷ್ಟೇ. ಮುಂದೆ ಸೈಟು ಮಾರುವಾಗ ಅಥವಾ ಬ್ಯಾಂಕ್ ಸಾಲಕ್ಕೆ ಹೋದಾಗ ವಕೀಲರು ಕೇಳುವುದು ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು.

ಹಕ್ಕು ಎಲ್ಲಿಂದ ಬಂತು?

ಇಡೀ ಕೆಲಸದ ಅರ್ಧ ಇಲ್ಲಿದೆ. ಹಕ್ಕಿನ ಮೂಲ ತಿಳಿಯದೆ ಅರ್ಜಿ ಬರೆದರೆ ಕಡತ ತಪ್ಪು ಟೇಬಲ್ಲಿಗೆ ಹೋಗಿ ಅಲ್ಲೇ ಕೂರುತ್ತದೆ. ಮೂಲ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದಾಗಿರುತ್ತದೆ.

ಹಿಂದಿನ ಮಾಲೀಕರು ಪುರಸಭೆಗೆ ನೋಂದಾಯಿತ ಪತ್ರ ಬರೆದುಕೊಟ್ಟಿರಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರಕ್ಕೆ (ಇ.ಸಿ.) ಅರ್ಜಿ ಹಾಕಿ. ನಮೂನೆ 15 ಬಂದರೆ ದಾಖಲಾದ ವ್ಯವಹಾರಗಳು ಕಾಣುತ್ತವೆ, ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ಇಲ್ಲ ಎಂದರ್ಥ. ಗಣಕೀಕರಣಕ್ಕಿಂತ ಹಿಂದಿನ ವರ್ಷಗಳಿಗೆ ಉಪನೋಂದಣಿ ಕಚೇರಿಗೇ ಹೋಗಿ ಕೈಬರಹದ ಸೂಚಿಯಲ್ಲಿ ಹುಡುಕಿಸಬೇಕು. ಪೈಪು 1970ರ ದಶಕದ್ದಾಗಿದ್ದರೆ ಹತ್ತು ಹದಿನೈದು ವರ್ಷದ ಇ.ಸಿ. ತೆಗೆಸಿ ಪ್ರಯೋಜನವಿಲ್ಲ.

ಎರಡನೆಯದು ಕ್ರಯಪತ್ರದ ಒಕ್ಕಣೆ. ಸ್ವತ್ತಿನ ವಿವರ ಇರುವ ಷೆಡ್ಯೂಲನ್ನು ಅಕ್ಷರ ಬಿಡದೆ ಓದಿ. "ಪೈಪ್‌ಲೈನ್ ಹಾದುಹೋಗುವ 10 ಅಡಿ ಜಾಗವನ್ನು ಒಳಗೊಂಡು" ಎಂದಿದ್ದರೆ ಜಾಗ ನಿಮ್ಮದು, ಹಕ್ಕು ಮಾತ್ರ ಅವರದು. "ಸದರಿ ಜಾಗವನ್ನು ಬಿಟ್ಟು" ಎಂದಿದ್ದರೆ ಆ ಪಟ್ಟಿ ನಿಮಗೆ ಬಂದೇ ಇಲ್ಲ. ಆಗ ಹಕ್ಕು ಬಿಡುಗಡೆಯಿಂದ ಒಂದಡಿಯೂ ಸಿಗುವುದಿಲ್ಲ, ಅದರ ನಿಜವಾದ ಮಾಲೀಕರು ಯಾರೆಂದು ಹುಡುಕಿ ಅವರಿಂದ ಕೊಳ್ಳಬೇಕು. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಪೈಪ್‌ಲೈನ್ ಗಲ್ಲಿ" ಎಂದಿದ್ದರೂ ಇದೇ ಕಥೆ.

ಮೂರನೆಯದು ಅನುಮೋದಿತ ಬಡಾವಣೆ ನಕ್ಷೆ. ಅದರಲ್ಲಿ ಪಟ್ಟಿ ಗುರುತಾಗಿದ್ದರೆ ಪಾಲಿಕೆಯ ಜೊತೆಗೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಅಭಿಪ್ರಾಯವೂ ಬೇಕು, ನಕ್ಷೆಯ ತಿದ್ದುಪಡಿಯೂ ಆಗಬೇಕು. ಬಡಾವಣೆ ಮಾಡಿದವರು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಟ್ಟಿರುತ್ತಾರೆ. ಅದು ಈಸ್‌ಮೆಂಟ್ ಅಲ್ಲ, ಸಾರ್ವಜನಿಕ ಜಾಗ. ಅದನ್ನು ವಾಪಸು ಕೇಳಲು ಹೋಗಬೇಡಿ.

ನಾಲ್ಕನೆಯದು, ಕಾಗದವೇ ಇಲ್ಲದ್ದು. 1976ರ ಮತ್ತು 1964ರ ಎರಡೂ ಕಾಯ್ದೆಗಳು ನೋಟಿಸ್ ಕೊಟ್ಟು ಖಾಸಗಿ ಜಮೀನಿನಲ್ಲಿ ಚರಂಡಿ, ಕೊಳವೆ ಒಯ್ಯುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟಿವೆ. ಹಾಗೆ ಬಂದ ಲೈನಿಗೆ ಬಿಡುಗಡೆ ಮಾಡಲು ಪತ್ರವೇ ಇರುವುದಿಲ್ಲ. ಅಲ್ಲಿ "ಕೊಳವೆಯನ್ನು ಶಾಶ್ವತವಾಗಿ ಕೈಬಿಡಲಾಗಿದೆ, ಸದರಿ ಸ್ವತ್ತಿನಲ್ಲಿ ಪಾಲಿಕೆಗೆ ಯಾವುದೇ ಹಕ್ಕು ಉಳಿದಿಲ್ಲ" ಎಂಬ ಆದೇಶ ಬೇಕು. ಅದನ್ನೂ ನೋಂದಾಯಿತ ಪತ್ರದ ರೂಪಕ್ಕೆ ತರಿಸಿಕೊಳ್ಳುವುದೇ ಕ್ಷೇಮ.

ಪಾಲಿಕೆಯ ಕೈಯಲ್ಲಿ ಇಲ್ಲದವು

ಕೆಲವು ಪಟ್ಟಿಗಳನ್ನು ಪಾಲಿಕೆ ಬಿಡಲು ಒಪ್ಪಿದರೂ ಆ ಒಪ್ಪಿಗೆಗೆ ಬೆಲೆಯಿಲ್ಲ. ರಾಜಕಾಲುವೆ, ಹಳ್ಳ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ಜಾಗ) ಸರ್ಕಾರದ ಸ್ವತ್ತು. ಗ್ರಾಮ ನಕಾಶೆ, ಟಿಪ್ಪಣಿ, ಆಕಾರಬಂದ್ ಎಂಬ ಮೂರೂ ಸರ್ವೆ ದಾಖಲೆಗಳನ್ನು ತೆಗೆಸಿ, ನಿಮ್ಮ "ಹಳೇ ಚರಂಡಿ" ಅಲ್ಲಿ ಕಾಲುವೆಯಾಗಿ ಬರೆದಿದೆಯೇ ನೋಡಿ. ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಯ ಹಕ್ಕು ಕೊನೆಗೊಳಿಸಲು ಭೂಕಂದಾಯ ಕಾಯ್ದೆ 1964ರ 68ನೇ ಕಲಮಿನ ಬೇರೆಯೇ ವಿಧಾನ ಇದೆ, ಅದು ಸರ್ಕಾರದ ಮಟ್ಟದಲ್ಲಿ ಆಕ್ಷೇಪಣೆ ಕರೆದು ಮಾಡುವಂಥದ್ದು. ವಿದ್ಯುತ್ ಕಂಬ, ತಂತಿ ಬೆಸ್ಕಾಂಗೆ, ಹೈಟೆನ್ಷನ್ ಗೋಪುರ ಕೆಪಿಟಿಸಿಎಲ್‌ಗೆ ಸೇರಿದ್ದು. 66 ಕೆವಿ ಲೈನಿಗೆ 18 ಮೀಟರ್, 220 ಕೆವಿ ಲೈನಿಗೆ 35 ಮೀಟರ್ ಕಾರಿಡಾರ್ ಎಂಬ ಅಳತೆ ಇದೆ, ಅದರ ಕೆಳಗಿನ ಜಾಗದ ಬಗ್ಗೆ ಪಾಲಿಕೆ ಮಾತಾಡುವಂತಿಲ್ಲ. ದೂರ ಸಾಗುವ ಗ್ಯಾಸ್ ಕೊಳವೆಗೆ 1962ರ ಕೇಂದ್ರ ಕಾಯ್ದೆಯಡಿ ಬಳಕೆ ಹಕ್ಕು ಪಡೆದಿರುತ್ತಾರೆ.

ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು ನಡುವಿನ ಸ್ಥಿತಿ. ಮಂಡಳಿ ಯೋಜನೆ ಕಟ್ಟಿ ಪಾಲಿಕೆಗೆ ಹಸ್ತಾಂತರಿಸುತ್ತದೆ. ನಿಮ್ಮ ಲೈನು ಹಸ್ತಾಂತರವಾಗಿದೆಯೇ ಎಂಬುದಕ್ಕೆ ಕಾಗದ ಕೇಳಿ. ಆಗಿಲ್ಲದಿದ್ದರೆ ಮಂಡಳಿಯ ಪತ್ರವೂ ಕಡತಕ್ಕೆ ಬೇಕು.

ಲೈನ್ ನಿಜವಾಗಿ ಸತ್ತಿದೆಯೇ ಎಂದು ನೋಡುವುದು

ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿ. ಅಧಿಕಾರಿಗಳು ಸ್ಥಳಕ್ಕೆ ಬಂದಾಗ ಪೈಪಿನಿಂದ ನೀರು ಚಿಮ್ಮಿದರೆ ಆ ಕಡತ ಮತ್ತೆ ಏಳುವುದು ಕಷ್ಟ.

ನೀರಿನ ಕೊಳವೆಯಾದರೆ ಮೊದಲು ಕೇಳಬೇಕಾದವರು ನಿಮ್ಮ ವಾರ್ಡಿನ ನೀರುಗಂಟಿ, ಅಂದರೆ ವಾಲ್ವ್‌ಮನ್. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಎಂಬುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಊರುಗಳಲ್ಲಿ ನೀರು ಸರದಿಯ ಮೇಲೆ ಬರುವುದರಿಂದ ಒಂದು ದಿನ ಕೊಳವೆ ಒಣಗಿರುವುದು ಏನನ್ನೂ ಹೇಳುವುದಿಲ್ಲ. ಕನಿಷ್ಠ ಎರಡು ಮೂರು ಸರದಿ ನೋಡಿ. ಆಮೇಲೆ ಪಾಲಿಕೆಯ ಸಿಬ್ಬಂದಿಯ ಎದುರಿಗೇ ಪಟ್ಟಿಯ ಎರಡೂ ತುದಿಯಲ್ಲಿ ಸುಮಾರು 1 ಮೀಟರ್ ಉದ್ದಗಲದ ಪರೀಕ್ಷಾ ಗುಂಡಿ ತೆಗೆಸಿ ಕೊಳವೆಯನ್ನು ಕಣ್ಣಾರೆ ನೋಡಬೇಕು. ಎಷ್ಟೋ ಕಡೆ ಕೊಳವೆ ದಾಖಲೆಯಲ್ಲಿರುವ ಜಾಗದಲ್ಲಿ ಇರುವುದೇ ಇಲ್ಲ. ನಾಲ್ಕೈದು ಅಡಿ ಆಚೆ, ಪಕ್ಕದ ಸೈಟಿನಲ್ಲಿ ಸಿಗುವುದೂ ಉಂಟು. ಕೆಲವೊಮ್ಮೆ ಸತ್ತ ಲೈನಿನ ಪಕ್ಕದಲ್ಲೇ ಜೀವಂತ ಲೈನ್ ಇರುತ್ತದೆ. ಅದಕ್ಕೇ ಗುಂಡಿಯನ್ನು ಕೈಯಿಂದ ತೋಡಿಸಿ, ಜೆಸಿಬಿ ಬೇಡ.

ಬೂದು ಬಣ್ಣದ ಗಡುಸು ಕೊಳವೆ ಸಿಕ್ಕರೆ ಅದು ಆಸ್‌ಬೆಸ್ಟಾಸ್ ಸಿಮೆಂಟಿನದು ಆಗಿರಬಹುದು. ಗ್ರೈಂಡರ್ ಹಾಕಿ ಕತ್ತರಿಸಬಾರದು, ಒಡೆಯಲೂಬಾರದು. ಆ ಧೂಳು ಶ್ವಾಸಕೋಶಕ್ಕೆ ವಿಷ. ಹಾಗೇ ಮಣ್ಣಿನಲ್ಲಿ ಬಿಡುವುದು ಒಳ್ಳೆಯದು. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡುತ್ತಾ, ಜೋಡಣೆಯ ಹತ್ತಿರ ಬಿಡಿಸಿ ಇಡಿಯಾಗಿ ತೆಗೆಸಬೇಕು.

ಒಳಚರಂಡಿಯಾದರೆ ಮೇಲಿನ ಮ್ಯಾನ್‌ಹೋಲಿನಲ್ಲಿ ಬಣ್ಣದ ನೀರು ಬಿಟ್ಟು ಕೆಳಗಿನ ಮ್ಯಾನ್‌ಹೋಲಿನಲ್ಲಿ ಬರುತ್ತದೆಯೇ ನೋಡುತ್ತಾರೆ. ಮುಚ್ಚಳ ತೆಗೆಯುವುದು ಪಾಲಿಕೆಯ ಸಿಬ್ಬಂದಿಯ ಕೆಲಸ, ನೀವು ಮುಟ್ಟಬೇಡಿ. ಒಳಗೆ ಯಾರನ್ನೂ ಇಳಿಸಬಾರದು. ಒಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹೂಳು ತುಂಬಿದ್ದರೆ ಜೆಟ್ಟಿಂಗ್ ಯಂತ್ರ ತರಿಸಲಿ. ಇನ್ನೊಂದು ವಿಷಯ: ಮುಖ್ಯ ಲೈನು ಬೇರೆ ಬೀದಿಗೆ ಹೋಗಿದ್ದರೂ ಹಿಂದಿನ ಎರಡು ಮೂರು ಮನೆಯವರ ಸಂಪರ್ಕ ಇನ್ನೂ ಹಳೇ ಲೈನಿಗೇ ಇರಬಹುದು. ಬಣ್ಣದ ನೀರನ್ನು ಆ ಮನೆಗಳ ಬಚ್ಚಲಿನಿಂದಲೂ ಬಿಟ್ಟು ನೋಡಬೇಕು. ಅಂಥ ಮನೆ ಸಿಕ್ಕರೆ ಅವರ ಸಂಪರ್ಕವನ್ನು ಹೊಸ ಲೈನಿಗೆ ಬದಲಿಸಿಕೊಡುವ ಖರ್ಚನ್ನು ನೀವೇ ಹೊರಲು ಮುಂದಾಗಿ. ನೆರೆಯವರ ಬಚ್ಚಲು ಕಟ್ಟಿಕೊಂಡ ಮೇಲೆ ನಡೆಯುವ ಜಗಳಕ್ಕಿಂತ ಅದು ಎಷ್ಟೋ ಅಗ್ಗ.

ಮಳೆನೀರಿನ ಚರಂಡಿಯನ್ನು ಬೇಸಿಗೆಯಲ್ಲಿ ನೋಡಿ ತೀರ್ಮಾನಿಸಬಾರದು. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಆ ಎರಡು ತಿಂಗಳು ಕಳೆಯಲಿ, ಮಳೆ ಬಿದ್ದ ದಿನವೇ ದಿನಾಂಕ ಕಾಣುವ ಫೋಟೊ, ವಿಡಿಯೊ ತೆಗೆದಿಡಿ. ಮಳೆಗಾಲದ ಸಾಕ್ಷಿ ಇರುವ ಅರ್ಜಿಗೆ ಎಂಜಿನಿಯರ್ ಧೈರ್ಯವಾಗಿ ಸಹಿ ಹಾಕಬಲ್ಲರು.

ಕಡತಕ್ಕೆ ಬೇಕಾದ ಕಾಗದಗಳು

ಕ್ರಯಪತ್ರ ಮತ್ತು ಹಿಂದಿನ ಮೂಲಪತ್ರಗಳು, ಇ-ಖಾತಾ, ಚಾಲ್ತಿ ವರ್ಷದ ಕಂದಾಯ ರಸೀದಿ, ಇ.ಸಿ., ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ, ಎಲ್ಲ ಮಾಲೀಕರ ಗುರುತಿನ ಚೀಟಿ. ಜಂಟಿ ಖಾತೆಯಾದರೆ ಎಲ್ಲರೂ ಸಹಿ ಮಾಡಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಸೈಟು ಅಡಮಾನದಲ್ಲಿದ್ದರೆ ಬ್ಯಾಂಕಿಗೆ ಒಂದು ಪತ್ರ ಬರೆದು ತಿಳಿಸಿ, ಮೂಲಪತ್ರಗಳು ಅವರ ಬಳಿಯೇ ಇರುತ್ತವೆ.

ಇವೆಲ್ಲಕ್ಕಿಂತ ಮುಖ್ಯ ಸ್ಕೆಚ್. ಪರವಾನಗಿ ಇರುವ ಸರ್ವೇಯರ್ ಕೈಲಿ ಮಾಡಿಸಿ. ಸೈಟಿನ ನಾಲ್ಕೂ ಮೂಲೆಯಿಂದ ಅಳತೆ, ಪಟ್ಟಿಯ ಅಗಲ ಉದ್ದ ಮೀಟರ್ ಮತ್ತು ಅಡಿ ಎರಡರಲ್ಲೂ, ಕೊಳವೆಯ ವ್ಯಾಸ, ಆಳ, ಮ್ಯಾನ್‌ಹೋಲ್ ಹಾಗೂ ವಾಲ್ವ್ ಗುಂಡಿಗಳ ಸ್ಥಾನ, ಹೊಸ ಲೈನು ಈಗ ಹೋಗುತ್ತಿರುವ ಬೀದಿ, ಎಲ್ಲವೂ ಒಂದೇ ಹಾಳೆಯಲ್ಲಿ ಬರಲಿ. ಇದೇ ಸ್ಕೆಚ್ ಮುಂದೆ ಕೌನ್ಸಿಲ್ ಸಭೆಯ ನಡವಳಿಗೂ ನೋಂದಣಿ ಪತ್ರಕ್ಕೂ ಅನುಬಂಧವಾಗುತ್ತದೆ. ಅರ್ಜಿಯಲ್ಲಿ 3 ಮೀಟರ್, ನಡವಳಿಯಲ್ಲಿ 10 ಅಡಿ, ಪತ್ರದಲ್ಲಿ 9 ಅಡಿ ಎಂದಾದರೆ ಮತ್ತೆ ಮೊದಲಿನಿಂದ ಓಡಾಟ. 3 ಮೀಟರ್ ಎಂದರೆ 9.84 ಅಡಿ, 10 ಅಡಿ ಅಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೂ ಉಪನೋಂದಣಿ ಕಚೇರಿ ಪತ್ರ ವಾಪಸು ಕಳಿಸಬಹುದು.

ಪಾಲಿಕೆಯ ಹಳೇ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ಕೊಳವೆ ಹಾಕಿದ ವರ್ಷ", "ಹೊಸ ಲೈನ್ ಚಾಲೂ ಆದ ದಿನಾಂಕ ಮತ್ತು ಪೂರ್ಣತಾ ವರದಿ", "ಭೂಮಾಲೀಕರಿಗೆ ಪರಿಹಾರ ಕೊಟ್ಟ ದಾಖಲೆ", ಇವನ್ನು ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಮೂರನೆಯದಕ್ಕೆ "ದಾಖಲೆ ಲಭ್ಯವಿಲ್ಲ" ಎಂದು ಉತ್ತರ ಬಂದರೂ ಜೋಪಾನವಾಗಿಡಿ, ಹಣದ ಮಾತು ಬಂದಾಗ ಅದು ಕೆಲಸಕ್ಕೆ ಬರುತ್ತದೆ.

ಅರ್ಜಿ ಬರೆಯುವ ಬಗೆ

ಅರ್ಜಿ ಆಯುಕ್ತರ ಹೆಸರಿಗೆ ಇರಲಿ, ಪ್ರತಿ ಕಾರ್ಯಪಾಲಕ ಎಂಜಿನಿಯರಿಗೆ. ಒಂದೂವರೆ ಪುಟ ಮೀರಬಾರದು. ಒಕ್ಕಣೆ ಹೀಗಿರಬಹುದು:

"ವಿಷಯ: ವಾರ್ಡ್ ಸಂಖ್ಯೆ ___, ಸ್ವತ್ತಿನ ಸಂಖ್ಯೆ ___ರಲ್ಲಿ ಹಾದುಹೋಗಿರುವ, ಬಳಕೆಯಲ್ಲಿಲ್ಲದ ___ ಮಿ.ಮೀ. ವ್ಯಾಸದ ಕೊಳವೆ ಮಾರ್ಗದ ಈಸ್‌ಮೆಂಟ್ ಹಕ್ಕನ್ನು ಬಿಡುಗಡೆ ಮಾಡಿ ನೋಂದಾಯಿತ ಪತ್ರ ಬರೆದುಕೊಡುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಸ್ವತ್ತಿನ ಮಾಲೀಕನಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಲಗತ್ತಿಸಿರುವ ಸ್ಕೆಚ್‌ನಲ್ಲಿ 'ಅ ಆ ಇ ಈ' ಎಂದು ಗುರುತಿಸಿರುವ ___ ಮೀ. × ___ ಮೀ. ಪಟ್ಟಿಯಲ್ಲಿ ಪಾಲಿಕೆಯ ಕೊಳವೆ ಇದ್ದು, ___ ಬೀದಿಯಲ್ಲಿ ಹೊಸ ಮಾರ್ಗ ಚಾಲನೆಗೆ ಬಂದ ನಂತರ ಇದು ಬಳಕೆಯಲ್ಲಿರುವುದಿಲ್ಲ. ಈ ಮಾರ್ಗದಿಂದ ಯಾವುದೇ ಮನೆಗೆ ಸಂಪರ್ಕ ಇರುವುದಿಲ್ಲ. ಜಂಟಿ ಸ್ಥಳ ಪರಿಶೀಲನೆ ನಡೆಸಿ, ಸದರಿ ಹಕ್ಕನ್ನು ಬಿಡುಗಡೆ ಮಾಡಲು ಸಕ್ಷಮ ಪ್ರಾಧಿಕಾರದ ಮಂಜೂರಾತಿ ಪಡೆದು, ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕಾಗಿ ಕೋರುತ್ತೇನೆ. ಅಳತೆ, ಕೊಳವೆ ಮುಚ್ಚುವಿಕೆ ಮತ್ತು ನೋಂದಣಿಯ ವೆಚ್ಚವನ್ನು ನಾನೇ ಭರಿಸುತ್ತೇನೆ."

"ಎನ್‌ಒಸಿ ಕೊಡಿ" ಎಂದು ಬರೆಯಬೇಡಿ. ಕೇಳಿದ್ದೇ ಸಿಗುತ್ತದೆ, ಅದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ವಾರದ ನಂತರ ಕಡತದ ಸಂಖ್ಯೆ ಮತ್ತು ವಿಷಯ ನಿರ್ವಾಹಕರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಸ್ವೀಕೃತಿ ಸಂಖ್ಯೆ ಬೇರೆ, ಕಡತದ ಸಂಖ್ಯೆ ಬೇರೆ. ಎರಡನೆಯದು ಇಲ್ಲದಿದ್ದರೆ ಕಡತ ಇನ್ನೂ ಹುಟ್ಟಿಲ್ಲ ಎಂದರ್ಥ.

ಕಡತ ಒಳಗೆ ಸಾಗುವ ದಾರಿ

ಕಿರಿಯ ಎಂಜಿನಿಯರ್ ಸ್ಥಳಕ್ಕೆ ಬಂದು ಮಹಜರು ಬರೆಯುತ್ತಾರೆ. ಆ ದಿನ ಅಕ್ಕಪಕ್ಕದ ಇಬ್ಬರು ಮಾಲೀಕರು, ನೀರುಗಂಟಿ ಹಾಜರಿದ್ದು ಸಹಿ ಹಾಕುವಂತೆ ನೋಡಿಕೊಳ್ಳಿ. ಮಹಜರಿನಲ್ಲಿ "ಬಳಕೆಯಲ್ಲಿಲ್ಲ" ಎಂಬುದರ ಜೊತೆ "ಮುಂದೆಯೂ ಅಗತ್ಯ ಕಾಣುವುದಿಲ್ಲ" ಎಂಬ ಮಾತು ಬರಬೇಕು. ಇದು ಬರೀ ಒಕ್ಕಣೆಯ ಪ್ರಶ್ನೆಯಲ್ಲ. ಈಸ್‌ಮೆಂಟ್ ಕಾಯ್ದೆಯ 42ನೇ ಕಲಂ ಹೇಳುವುದು, ಯಾವ ಕಾಲಕ್ಕೂ ಯಾವ ಸಂದರ್ಭದಲ್ಲೂ ಹಕ್ಕುದಾರನಿಗೆ ಪ್ರಯೋಜನಕ್ಕೆ ಬಾರದ ಹಕ್ಕು ಕೊನೆಯಾಗುತ್ತದೆ ಎಂದು. ಇವತ್ತು ಬೇಡ ಎಂಬುದು ಅರ್ಧ ಉತ್ತರ. ಮೇಲಿನ ಅಧಿಕಾರಿ ಕೇಳುವುದು "ನಾಳೆ ಹೊಸ ಯೋಜನೆ ಬಂದರೆ?" ಎಂದೇ.

ಅಲ್ಲಿಂದ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್, ಕಂದಾಯ ವಿಭಾಗ, ಕಾನೂನು ಅಭಿಪ್ರಾಯ, ಆಯುಕ್ತರು, ಆಮೇಲೆ ಕೌನ್ಸಿಲ್ ಸಭೆ. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯ ಮುಂದೆ ಹೋಗುತ್ತದೆ. ಹಕ್ಕಿನ ಸ್ವರೂಪ, ಮೌಲ್ಯ ನೋಡಿ ಸರ್ಕಾರದ ಮಂಜೂರಾತಿ ಬೇಕೇ ಎಂಬುದನ್ನು ಕಾನೂನು ಅಭಿಪ್ರಾಯದಲ್ಲೇ ಬರೆಸಿಕೊಳ್ಳಿ. ಬೇಕಾಗಿದ್ದೂ ಪಡೆಯದೆ ಹೋದರೆ ಪತ್ರ ನೋಂದಣಿಯಾದರೂ ಮುಂದೆ ಬಿದ್ದುಹೋಗಬಹುದು.

ಕಡತ ಸಾಮಾನ್ಯವಾಗಿ ನಿಲ್ಲುವುದು ಕಾನೂನಿಗಿಂತ ಹೆಚ್ಚಾಗಿ ಆಡಿಟ್ ಭಯಕ್ಕೆ. "ಪಾಲಿಕೆಯ ಸ್ವತ್ತನ್ನು ಪುಕ್ಕಟೆ ಕೊಟ್ಟಿರಿ" ಎಂಬ ಆಕ್ಷೇಪಣೆ ಬಂದರೆ ಸಹಿ ಹಾಕಿದವರೇ ಉತ್ತರ ಹೇಳಬೇಕು. ಈ ಭಯ ಸುಳ್ಳಲ್ಲ, ಅದಕ್ಕೆ ಉತ್ತರವನ್ನು ನೀವೇ ಕಡತಕ್ಕೆ ಸೇರಿಸಿ: ಜಮೀನು ಮೊದಲಿನಿಂದಲೂ ಖಾಸಗಿ, ಪಾಲಿಕೆ ಇದಕ್ಕೆ ಹಣ ಕೊಟ್ಟ ದಾಖಲೆ ಇಲ್ಲ (ಮಾಹಿತಿ ಹಕ್ಕಿನ ಉತ್ತರ ಇಲ್ಲಿ ಲಗತ್ತಾಗಲಿ), ಹಸ್ತಾಂತರವಾಗುವುದು ಜಮೀನಲ್ಲ, ಬೇಡವಾದ ಬಳಕೆ ಹಕ್ಕು, ಇದರಿಂದ ಪಾಲಿಕೆಗೆ ನಿರ್ವಹಣೆಯ ಹೊಣೆ ತಪ್ಪುತ್ತದೆ, ಕಟ್ಟಡ ಬಂದರೆ ಕಂದಾಯವೂ ಬರುತ್ತದೆ. ಹಿಂದೆ ಪರಿಹಾರ ಕೊಟ್ಟಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತರುವುದು ನ್ಯಾಯ. ಜಮೀನಿನ ಪೂರ್ತಿ ಮಾರ್ಗಸೂಚಿ ದರವನ್ನೇ ಕೇಳಿದರೆ ಒಪ್ಪಬೇಡಿ. ನಿಮ್ಮದೇ ಜಮೀನನ್ನು ನೀವೇ ಮತ್ತೆ ಕೊಂಡಂತಾಗುತ್ತದೆ. ಲಿಖಿತವಾಗಿ ಆಕ್ಷೇಪಿಸಿ.

ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಭಾಗಶಃ ಕೇಳಿ. ಹಕ್ಕಿನ ಹೊರೆ ಹೊತ್ತ ಜಮೀನಿನ ಒಂದು ಭಾಗದ ಮಟ್ಟಿಗೆ ಮಾತ್ರ ಹಕ್ಕು ಬಿಡಬಹುದೆಂದು 38ನೇ ಕಲಮಿನಲ್ಲೇ ಇದೆ. 10 ಅಡಿ ಪಟ್ಟಿಯನ್ನು ಕಾಂಪೌಂಡಿಗೆ ಒತ್ತಿಕೊಂಡ 4 ಅಡಿಗೆ ಇಳಿಸಿದರೂ ಅದು ಬಹುಮಟ್ಟಿಗೆ ನಿಮ್ಮ ಸೆಟ್‌ಬ್ಯಾಕ್ ಒಳಗೇ ಕೂತು ಮನೆಗೆ ಹೆಚ್ಚು ಅಡ್ಡಿಯಾಗುವುದಿಲ್ಲ. ಎಷ್ಟೋ ಸಲ ಇದೇ ಜಾಣ ದಾರಿ.

ಬಾಯಿಮಾತಿನ "ಆಗಲ್ಲ" ಎಂಬುದಕ್ಕೆ ಬೆಲೆಯಿಲ್ಲ. ನಿರಾಕರಿಸಿದರೆ ಕಾರಣ ಬರೆದು ಹಿಂಬರಹ ಕೊಡಲಿ ಎಂದು ಪಟ್ಟು ಹಿಡಿಯಿರಿ. ಕಾರಣ ಗೊತ್ತಾದರೆ ಸರಿಪಡಿಸಿ ಮತ್ತೆ ಹೋಗಬಹುದು. ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡುವುದಕ್ಕೂ ಅದೇ ಆಧಾರ. ದಾವೆಗೆ ಮುನ್ನ ಪಾಲಿಕೆಗೆ ಲಾಯರ್ ನೋಟಿಸ್ ಹೋಗಲೇಬೇಕು.

ನೋಂದಣಿ

1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಹಕ್ಕನ್ನು ಕೊನೆಗೊಳಿಸುವ ಪತ್ರ ನೋಂದಣಿಯಾಗಲೇಬೇಕು. ಸಹಿಯಾದ ದಿನದಿಂದ 4 ತಿಂಗಳೊಳಗೆ ಹಾಜರುಪಡಿಸಬೇಕು. ತಡವಾದರೆ ದಂಡ ಕಟ್ಟಿ ಇನ್ನೊಂದು 4 ತಿಂಗಳವರೆಗೆ ಅವಕಾಶ ಕೇಳಬಹುದು, ಆಮೇಲೆ ಇಲ್ಲ. ಪಾಲಿಕೆಯ ಪರವಾಗಿ ಬರುವ ಅಧಿಕಾರಿಗೆ ಆಯುಕ್ತರ ಅಧಿಕಾರ ಪತ್ರ ಇದೆಯೇ ಮೊದಲೇ ನೋಡಿ, ಸ್ಲಾಟ್ ಬುಕ್ ಮಾಡಿದ ದಿನ ಅದು ಇಲ್ಲದೆ ವಾಪಸು ಬರುವಂತಾಗಬಾರದು.

ಪತ್ರದಲ್ಲಿ ಇರಬೇಕಾದ್ದು: ಹಕ್ಕು ಹುಟ್ಟಿದ ಮೂಲ, ನಡವಳಿಯ ಸಂಖ್ಯೆ ಮತ್ತು ದಿನಾಂಕ, ಸರ್ಕಾರದ ಮಂಜೂರಾತಿ ಇದ್ದರೆ ಅದರ ಉಲ್ಲೇಖ, ಪಟ್ಟಿಯ ಅಳತೆ, ಚಕ್ಕುಬಂದಿ, ಎರಡೂ ಕಡೆಯವರು ಸಹಿ ಮಾಡಿದ ಸ್ಕೆಚ್, ಮತ್ತು "ಸದರಿ ಪಟ್ಟಿಯಲ್ಲಿ ಪ್ರವೇಶಿಸುವ, ಅಗೆಯುವ, ಕೊಳವೆ ಹಾಕುವ, ಉಳಿಸಿಕೊಳ್ಳುವ ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ ಬಿಡುಗಡೆ ಮಾಡಿದೆ" ಎಂಬ ಮಾತು. "ತಾತ್ಕಾಲಿಕವಾಗಿ" ಅಥವಾ "ಅಗತ್ಯ ಬಿದ್ದಲ್ಲಿ ಮರಳಿ ಪಡೆಯುವ ಷರತ್ತಿಗೆ ಒಳಪಟ್ಟು" ಎಂಬ ಪದ ನುಸುಳಿದ್ದರೆ ಸಹಿ ಹಾಕಬೇಡಿ. ಅದು ಬಿಡುಗಡೆ ಅಲ್ಲ, ಬರೀ ಅನುಮತಿ.

ಮುದ್ರಾಂಕ ಶುಲ್ಕದಲ್ಲಿ ಎಚ್ಚರ ಬೇಕು. ಕರ್ನಾಟಕ ಮುದ್ರಾಂಕ ಕಾಯ್ದೆ 1957ರಲ್ಲಿ ಹಕ್ಕು ಬಿಡುಗಡೆ ಪತ್ರ 45ನೇ ಅನುಚ್ಛೇದಕ್ಕೆ ಬರುತ್ತದೆ. ಕುಟುಂಬದವರ ನಡುವಿನದಲ್ಲದ ಬಿಡುಗಡೆಗೆ ಕ್ರಯಪತ್ರದಂತೆ ಮೌಲ್ಯದ ಮೇಲೆ ಶುಲ್ಕ. ಮೌಲ್ಯ ಯಾವುದರದು? ಪಟ್ಟಿಯ ಜಮೀನಿನದೋ, ಬರೀ ಹಕ್ಕಿನದೋ? ಈ ಗೊಂದಲವನ್ನು ನೋಂದಣಿಯ ದಿನ ಕೌಂಟರಿನಲ್ಲಿ ನಿಂತು ಬಗೆಹರಿಸಲು ಆಗುವುದಿಲ್ಲ. ಕರಡು ಪತ್ರವನ್ನು 31ನೇ ಕಲಮಿನಡಿ ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟು ಶುಲ್ಕ ಎಷ್ಟೆಂದು ಮೊದಲೇ ನಿರ್ಣಯ ಪಡೆದುಕೊಳ್ಳಿ.

ಕಾವೇರಿಯಲ್ಲಿ ವಿವರ ತುಂಬುವಾಗ ಸ್ವತ್ತಿನ ಸಂಖ್ಯೆ ಇ-ಖಾತಾದಲ್ಲಿ ಇರುವಂತೆಯೇ ಇರಲಿ. ಹಳೇ ಅಸೆಸ್‌ಮೆಂಟ್ ಸಂಖ್ಯೆ ಹಾಕಿದರೆ ಪತ್ರ ನೋಂದಣಿಯಾದರೂ ನಿಮ್ಮ ಇ.ಸಿ.ಯಲ್ಲಿ ಕಾಣದೆ ಹೋಗಬಹುದು, ಆಗ ಇಷ್ಟು ಕಷ್ಟಪಟ್ಟೂ ಕೊಳ್ಳುವವರಿಗೆ ತೋರಿಸಲು ಏನೂ ಇರುವುದಿಲ್ಲ. ನೋಂದಣಿಯಾದ ಕೆಲವು ದಿನಗಳ ನಂತರ ಹೊಸ ಇ.ಸಿ. ತೆಗೆಸಿ ಕಣ್ಣಾರೆ ನೋಡಿ.

ಮಣ್ಣಿನೊಳಗಿನ ಕೆಲಸ

ಹಕ್ಕು ಹೋದರೂ ಕೊಳವೆ ಅಲ್ಲೇ ಇರುತ್ತದೆ. ಟೊಳ್ಳು ಕೊಳವೆಯ ಮೇಲೆ ಪಾಯ ಹಾಕಿದರೆ ಅದು ಕುಸಿದಾಗ ಗೋಡೆ ಬಿರುಕು ಬಿಡುತ್ತದೆ, ಇಲಿ ಹೆಗ್ಗಣಗಳಿಗೂ ದಾರಿ. ಪಾಯದ ಕೆಳಗೆ ಬರುವ ಭಾಗವನ್ನು ತೆಗೆಸುವುದು ಉತ್ತಮ. ಉಳಿದದ್ದಕ್ಕೆ ಎರಡೂ ತುದಿಯಲ್ಲಿ ಇಟ್ಟಿಗೆ–ಸಿಮೆಂಟಿನ ಅಡ್ಡಗಟ್ಟೆ ಕಟ್ಟಿ, ಒಳಗೆ ತೆಳು ಸಿಮೆಂಟ್–ಮರಳಿನ ಗಾರೆ ತುಂಬಿಸಬೇಕು. 60 ಅಡಿ ಉದ್ದದ 200 ಮಿ.ಮೀ. ಕೊಳವೆಗೆ ಸುಮಾರು 0.6 ಘನ ಮೀಟರ್, 300 ಮಿ.ಮೀ. ಆದರೆ 1.3 ಘನ ಮೀಟರ್ ಹಿಡಿಯುತ್ತದೆ. ಎತ್ತರದ ತುದಿಯಲ್ಲಿ ಗಾಳಿ ಹೋಗಲು ಸಣ್ಣ ಕೊಳವೆ ಬಿಡದಿದ್ದರೆ ಗಾರೆ ನಡುವೆಯೇ ನಿಂತು ಟೊಳ್ಳು ಉಳಿಯುತ್ತದೆ.

ಮ್ಯಾನ್‌ಹೋಲಿನ ಮೇಲ್ಭಾಗ ಸುಮಾರು 1 ಮೀಟರ್ ಒಡೆದು ತೆಗೆದು, ತಳಕ್ಕೆ ತೂತು ಹಾಕಿ, ಮೊರಂ ಮಣ್ಣನ್ನು ಅರ್ಧ ಮುಕ್ಕಾಲು ಅಡಿ ಪದರವಾಗಿ ತುಂಬಿ ಪ್ರತಿ ಪದರವನ್ನೂ ದಮ್ಮಾಸು ಮಾಡಿಸಿ. 1.2 ಮೀಟರ್ ವ್ಯಾಸ, 2 ಮೀಟರ್ ಆಳದ ಗುಂಡಿಗೆ 2.3 ಘನ ಮೀಟರ್ ಲೆಕ್ಕ, ದಮ್ಮಾಸಿಗೆ ಇಳಿಯುವುದರಿಂದ ಮಣ್ಣು ಇನ್ನಷ್ಟು ತರಿಸಿಕೊಳ್ಳಿ. ಕಟ್ಟಡದ ಕಸ ತುಂಬಿಸಿದರೆ ಒಂದೆರಡು ಮಳೆಗಾಲದಲ್ಲಿ ನೆಲ ಕುಗ್ಗುತ್ತದೆ.

ಮುಖ್ಯ ಲೈನಿನಿಂದ ಈ ಕೊಳವೆ ಕವಲೊಡೆಯುವ ಜಾಗದಲ್ಲಿ ಪಾಲಿಕೆಯವರೇ ಮುಚ್ಚಳ ಹಾಕಿ ಶಾಶ್ವತವಾಗಿ ಬಂದ್ ಮಾಡಬೇಕು. ಬರೀ ವಾಲ್ವ್ ತಿರುಗಿಸಿ ಬಿಟ್ಟರೆ ಯಾರೋ ಒಂದು ದಿನ ತೆರೆಯುತ್ತಾರೆ, ನಿಮ್ಮ ಪಾಯದಡಿ ನೀರು ಏಳುತ್ತದೆ. ತೆಗೆದ ಬೀಡುಕಬ್ಬಿಣದ ಕೊಳವೆ, ವಾಲ್ವ್, ಮ್ಯಾನ್‌ಹೋಲ್ ಮುಚ್ಚಳ ಪಾಲಿಕೆಯ ಸ್ವತ್ತು. ಗುಜರಿಗೆ ಹಾಕಿದರೆ ಕಳವಿನ ದೂರಾಗಬಹುದು. ಪಾಲಿಕೆಯ ಉಗ್ರಾಣಕ್ಕೆ ತೂಕ ಮಾಡಿ ಒಪ್ಪಿಸಿ, ರಸೀದಿ ಪಡೆಯಿರಿ. ಬಂದ್ ಮಾಡಿದ ತುದಿ, ತುಂಬಿಸಿದ ಕೊಳವೆ, ಮುಚ್ಚಿದ ಗುಂಡಿ ಎಲ್ಲದರ ಫೋಟೊ ಮಣ್ಣು ಮುಚ್ಚುವ ಮೊದಲೇ ತೆಗೆದು ಎಂಜಿನಿಯರಿಂದ ಕಾಮಗಾರಿ ಮುಗಿದ ವರದಿ ಬರೆಸಿ.

ಕಟ್ಟಡ ಪರವಾನಗಿಗೆ ಹೋಗುವಾಗ ಈ ವರದಿ, ನೋಂದಾಯಿತ ಪತ್ರ, ಹೊಸ ಇ.ಸಿ. ಮೂರನ್ನೂ ಲಗತ್ತಿಸಿ. ಪಟ್ಟಿ ಬಡಾವಣೆ ನಕ್ಷೆಯಲ್ಲಿ ಇದ್ದದ್ದಾದರೆ ತಿದ್ದುಪಡಿಯಾದ ನಕ್ಷೆಯ ಪ್ರತಿಯೂ ಬೇಕು. ಅದಿಲ್ಲದೆ ಪರವಾನಗಿ ವಿಭಾಗದವರು ಹಳೇ ನಕ್ಷೆಯನ್ನೇ ತೆಗೆದು ನೋಡುತ್ತಾರೆ, ಅದರಲ್ಲಿ ಪೈಪ್‌ಲೈನ್ ಪಟ್ಟಿ ಹಾಗೇ ಇರುತ್ತದೆ.